ಡೆಟ್‌ನಲ್ಲಿ 'ಬಿ' ಯಾಕೆ ಸುಮ್ನೆ ಕೂತಿದೆ?

ಸಂಜೆಮಲ್ಲಿಗೆ
ಮಗಳು ಆರನೇ ಕ್ಲಾಸು. ಈ ವಾರ ಡಿಕ್ಟೇಶನ್‌ಗೆ ಕೊಟ್ಟಿರುವ ಪದಗಳು ಡೆಟ್, ಡೌಟ್, ರಿಸೀಟ್, ಐಲೆಂಡ್, ನೈಟ್ (ರಾತ್ರಿ ಅಲ್ಲ, ಕುದುರೆ ಏರಿ ಬರುವ ನೈಟ್). ಡೆಟ್‌ಗೂ ಡೌಟ್‌ಗೂ ಒಂದೊಂದು ಬಿ. ರಿಸೀಟ್‌ಗೆ ಪಿ. ಐಲೆಂಡ್‌ಗೆ ಎಸ್. ನೈಟ್‌ಗಂತೂ ಮುಂದೆ ಕೆ, ನಡುವೆ ಜಿ-ಎಚ್. "ಬಾಯಲ್ಲಿ ಇಲ್ಲದ ಅಕ್ಷರ ಕೈಯಲ್ಲಿ ಯಾಕೆ ಬರಬೇಕು?" ಅಂತ ಅವಳ ತಕರಾರು. ಬಾಯಿಪಾಠ ಮಾಡು ಅಂದರೆ ಮಾಡುತ್ತಾಳೆ, ಆದರೆ ಕಾರಣ ಹೇಳುವವರೆಗೂ ಬಿಡುವುದಿಲ್ಲ. ಕನ್ನಡದಲ್ಲಿ ಈ ರಗಳೆ ಇಲ್ಲ, ಆಡಿದ ಹಾಗೆ ಬರೆಯುತ್ತೇವೆ. ಇಂಗ್ಲಿಷಿನವರಿಗೆ ಏನಾಗಿತ್ತು? ಬಲ್ಲವರು ಹೇಳಿ.

ಹಳೇಪ್ರೆಸ್
ಕಾರಣ ಇದೆ ಮೇಡಂ. ನಿಮ್ಮ ಪಟ್ಟಿಯ ಮೊದಲ ನಾಲ್ಕು ಪದಗಳದ್ದು ಒಂದು ಕಥೆ, ನೈಟ್‌ನದ್ದು ಬೇರೆ ಕಥೆ.

ಡೆಟ್ ಫ್ರೆಂಚ್‌ನಿಂದ ಬಂದ ಪದ. ಅಲ್ಲಿ ಬಿ ಇರಲಿಲ್ಲ, ಇವತ್ತಿಗೂ ಇಲ್ಲ. ಇಂಗ್ಲಿಷಿನವರೂ ಮೊದಲು ಬಿ ಇಲ್ಲದೆಯೇ ಬರೆಯುತ್ತಿದ್ದರು. 15–16ನೇ ಶತಮಾನದ ಹೊತ್ತಿಗೆ ಅಲ್ಲಿನ ಓದಿದವರಿಗೆ ಲ್ಯಾಟಿನ್ ಹುಚ್ಚು ಹಿಡಿಯಿತು. ಲ್ಯಾಟಿನ್ ಮೂಲದಲ್ಲಿ ಈ ಪದ 'ಡೆಬಿಟುಮ್'. ನಮ್ಮ ಡೆಬಿಟ್ ಕಾರ್ಡಿನ ಡೆಬಿಟ್ ಇದೆಯಲ್ಲ, ಅದೇ. "ಮೂಲದಲ್ಲಿ ಬಿ ಇದೆ, ನಮ್ಮಲ್ಲೂ ಇರಲಿ" ಅಂತ ಸೇರಿಸಿಬಿಟ್ಟರು. ಬರವಣಿಗೆಗೆ ಸೇರಿತು, ಬಾಯಿಗೆ ಬರಲಿಲ್ಲ. ಡೌಟ್‌ನ ಬಿ, ರಿಸೀಟ್‌ನ ಪಿ ಹೀಗೇ ಲ್ಯಾಟಿನ್‌ನಿಂದ ತಂದು ಸಿಕ್ಕಿಸಿದ್ದು. ತಮಾಷೆ ಏನೆಂದರೆ ಡಿಸೀಟ್, ಕನ್ಸೀಟ್ ಕೂಡ ರಿಸೀಟ್‌ನ ಕುಟುಂಬದವೇ. ಅವಕ್ಕೂ ಕೆಲವರು ಪಿ ಹಾಕಿ ನೋಡಿದರು, ನಿಲ್ಲಲಿಲ್ಲ. ಹಾಗಾಗಿ ಒಂದಕ್ಕೆ ಪಿ ಇದೆ, ಇನ್ನೆರಡಕ್ಕೆ ಇಲ್ಲ.

ಐಲೆಂಡ್‌ನದು ಇನ್ನೂ ಮಜಾ. ಇದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಫ್ರೆಂಚ್ ಕಡೆಯಿಂದ ಬಂದ 'ಐಲ್' ಅನ್ನುವ ಇನ್ನೊಂದು ಪದ ಇತ್ತು, ಅದರ ಮೂಲ ಲ್ಯಾಟಿನ್‌ನ 'ಇನ್ಸುಲಾ'. ಅದಕ್ಕೆ ಎಸ್ ಇತ್ತು. ಎರಡೂ ದ್ವೀಪಕ್ಕೇ ಹೇಳುವ ಪದ, ಹಾಗಾಗಿ ನಂಟರು ಅಂದುಕೊಂಡು ಇದಕ್ಕೂ ಎಸ್ ತೊಡಿಸಿದರು.

ಶೇಕ್ಸ್‌ಪಿಯರ್‌ನ ಒಂದು ಹಾಸ್ಯ ನಾಟಕದಲ್ಲಿ ಒಬ್ಬ ಪಂಡಿತ ಮೇಷ್ಟ್ರು ಬರುತ್ತಾನೆ. ಜನ ಡೆಟ್‌ನ ಬಿ, ಡೌಟ್‌ನ ಬಿ ಉಚ್ಚರಿಸುವುದಿಲ್ಲ ಅಂತ ಅವನಿಗೆ ಸಿಟ್ಟು. ನೋಡುವವರು ಅವನನ್ನು ನೋಡಿ ನಗಲಿ ಅಂತಲೇ ಬರೆದ ಪಾತ್ರ. ಅಂದರೆ ಆ ಕಾಲಕ್ಕೇ ಈ ಬಿ ನಗೆಪಾಟಲಾಗಿತ್ತು.

ಕುಡ್ಲದವ
ಹೋ, ಇದು ನಮ್ಮ ಫ್ಲೆಕ್ಸ್ ಬೋರ್ಡಿನ "ಹಾರ್ಧಿಕ ಶುಭಾಷಯಗಳು" ಅಲ್ವಾ! ಜಾಸ್ತಿ ಸಂಸ್ಕೃತ ಕಾಣಲಿ ಅಂತ ದಕ್ಕೆ ಹೊಟ್ಟೆ ಸೀಳಿ, ಶ ಇರಬೇಕಾದಲ್ಲಿ ಷ ಹಾಕುವುದು. 'ವಿಧ್ಯಾರ್ಥಿ' ಅಂತ ಬರೆದ ಟ್ಯೂಷನ್ ಬೋರ್ಡ್ ನಮ್ಮ ರಸ್ತೆಯಲ್ಲೇ ಇದೆ.

ಹಳೇಪ್ರೆಸ್
ಅದೇ ರೋಗ. ನಮ್ಮಲ್ಲಿ ಅದನ್ನು ತಪ್ಪು ಅಂತ ತಿದ್ದುತ್ತೇವೆ. ಅವರಲ್ಲಿ ಅದೇ ಸರಿ ಅಂತಾಗಿ ಡಿಕ್ಷನರಿಗೆ ಹೋಯಿತು. ವ್ಯತ್ಯಾಸ ಅಷ್ಟೇ.

ರೈನ್‌ನದಿ
ನೈಟ್‌ನ ವಿಷಯ ನಾನು ಹೇಳುತ್ತೇನೆ, ಇಲ್ಲಿ ಜರ್ಮನಿಯಲ್ಲಿ ದಿನಾ ಕಿವಿಗೆ ಬೀಳುತ್ತದೆ. ಆ ಕೆ ಮತ್ತು ಜಿ-ಎಚ್ ಯಾರೂ ಆಮೇಲೆ ಸೇರಿಸಿದ್ದಲ್ಲ. ಹಿಂದೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಜರ್ಮನ್‌ನಲ್ಲಿ ಈಗಲೂ 'ಕ್ನೆಖ್ಟ್' ಅನ್ನುವ ಪದ ಇದೆ. ಇಂಗ್ಲಿಷಿನ ನೈಟ್‌ನ ಅಣ್ಣತಮ್ಮ. ಇಲ್ಲಿ ಅದಕ್ಕೆ ಆಳು ಅಂತ ಅರ್ಥ. ಇಂಗ್ಲಿಷಿನಲ್ಲೂ ಮೊದಲು ಹುಡುಗ, ಆಳು ಅಂತಲೇ ಇತ್ತು, ಆಮೇಲೆ ಬಡ್ತಿ ಸಿಕ್ಕಿತು. ಮೊಣಕಾಲಿಗೆ ಇಂಗ್ಲಿಷಿನಲ್ಲಿ ಕೆ ಬರೆದು 'ನೀ' ಅನ್ನುತ್ತಾರೆ, ಇಲ್ಲಿ 'ಕ್ನೀ'. ಕೆ ಪೂರ್ತಿ ಕೇಳುತ್ತದೆ.

ಇಂಥ ಜಿ-ಎಚ್ ಇರುವ ಬಹಳ ಪದಗಳಲ್ಲಿ ಗಂಟಲಿನಿಂದ ಬರುವ 'ಖ್' ತರಹದ ಸದ್ದು ಇತ್ತು. ಇಂಗ್ಲಿಷಿನ ರಾತ್ರಿ ನೈಟ್, ಜರ್ಮನ್ 'ನಾಖ್ಟ್'. ಇಂಗ್ಲಿಷಿನ ಲೈಟ್, ಇಲ್ಲಿ 'ಲಿಖ್ಟ್'. ಡಾಟರ್ ಇಲ್ಲಿ 'ಟೋಖ್ಟರ್'. ಜಿ-ಎಚ್ ಕಂಡಾಗ ಜರ್ಮನ್ ಪದ ನೆನಪಿಸಿಕೊಂಡರೆ ಎಲ್ಲಾ ಕಡೆ ಅಲ್ಲದಿದ್ದರೂ ಬಹಳ ಕಡೆ ಖ್ ಸಿಗುತ್ತದೆ. ಇಂಗ್ಲಿಷಿನವರ ಬಾಯಲ್ಲಿ ಆ ಸದ್ದು ಕೆಲವು ಪದಗಳಲ್ಲಿ ಪೂರ್ತಿ ಮಾಯವಾಯಿತು, ಕೆಲವಲ್ಲಿ ಎಫ್ ಆಯಿತು. ಲಾಫ್, ಕಾಫ್, ಟಫ್ ಆದದ್ದು ಹಾಗೆ.

ಧಾರವಾಡದ ಗಾಳಿ
ಜಿ-ಎಚ್ ಎಫ್ ಆಗೂದು ಅಂದಕೂಡಲೇ ಬರ್ನಾರ್ಡ್ ಶಾ ನೆನಪಾದ್ರು ನೋಡ್ರಿ. ಟಫ್‌ನ ಜಿ-ಎಚ್, ವಿಮೆನ್‌ನ ಓ, ನೇಶನ್‌ನ ಟಿ-ಐ ಸೇರಿಸಿ ಬರದ್ರ 'ಫಿಶ್' ಅಂತ ಓದಬೇಕು ಅಂತ ಶಾ ಇಂಗ್ಲಿಷಿನವರ ಮಾನ ಕಳದಿದ್ರಂತ.

ಹಳೇಪ್ರೆಸ್
ಆ ಜೋಕು ಶಾ ಅವರದ್ದಲ್ಲ. 1855ರ ಒಂದು ಪತ್ರದಲ್ಲೇ ಅದು ಸಿಗುತ್ತದೆ. ಶಾ ಹುಟ್ಟಿದ್ದು 1856ರಲ್ಲಿ. ಅಲ್ಲದೆ ಜೋಕು ನ್ಯಾಯವಾದದ್ದೂ ಅಲ್ಲ. ಪದದ ಮೊದಲಲ್ಲಿ ಬರುವ ಜಿ-ಎಚ್ ಯಾವತ್ತೂ ಎಫ್ ಆಗುವುದಿಲ್ಲ, ಕೊನೆಯಲ್ಲಿ ಬರುವ ಟಿ-ಐ ಯಾವತ್ತೂ ಶ್ ಆಗುವುದಿಲ್ಲ. ಇಂಗ್ಲಿಷ್ ಸ್ಪೆಲಿಂಗ್‌ಗೆ ರೂಲ್ಸ್ ಇಲ್ಲ ಅನ್ನುವುದು ತಪ್ಪು. ರೂಲ್ಸ್ ಜಾಸ್ತಿ ಆಗಿ ಒಂದರ ಮೇಲೊಂದು ಬಿದ್ದಿವೆ.

ಶಾ ಮಾಡಿದ್ದು ಬೇರೆ. ಇಂಗ್ಲಿಷಿಗೆ ಹೊಸ ಲಿಪಿ ಮಾಡಿಸಿ ಅಂತ ವಿಲ್‌ನಲ್ಲಿ ದುಡ್ಡು ಬರೆದಿಟ್ಟು ಹೋದರು. ಲಿಪಿ ತಯಾರಾಗಿ, ಅವರದೇ ಒಂದು ನಾಟಕ 1962ರಲ್ಲಿ ಅದರಲ್ಲಿ ಅಚ್ಚೂ ಆಯಿತು. ಆದರೆ ಬಳಕೆಗೆ ಬರಲೇ ಇಲ್ಲ.

ಸಂಜೆಮಲ್ಲಿಗೆ
ಕೆ, ಜಿ-ಎಚ್ ಹೇಳುವುದು ನಿಂತ ಮೇಲೆ ಬರೆಯುವುದನ್ನೂ ನಿಲ್ಲಿಸಬಹುದಿತ್ತಲ್ಲ? ಯಾಕೆ ಉಳಿಸಿಕೊಂಡರು?

ಹಳೇಪ್ರೆಸ್
ಇದು ನನ್ನ ಕಸುಬಿನ ಪ್ರಶ್ನೆ. ಮೂವತ್ತು ಚಿಲ್ಲರೆ ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದವನು ವಿಲಿಯಂ ಕ್ಯಾಕ್ಸ್‌ಟನ್. 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರೆಸ್ ಇಟ್ಟ. ಅದಕ್ಕೂ ಮುಂಚೆ ಬಹಳ ವರ್ಷ ಈಗಿನ ಬೆಲ್ಜಿಯಂನ ಬ್ರೂಜ್ ಊರಲ್ಲಿದ್ದ. ಆಗ ಇಂಗ್ಲಿಷ್ ಊರಿಗೊಂದು ತರಹ. 1490ರಲ್ಲಿ ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನೇ ಒಂದು ಘಟನೆ ಹೇಳುತ್ತಾನೆ. ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ ವ್ಯಾಪಾರಿಗಳು ಗಾಳಿ ಇಲ್ಲದೆ ದಡಕ್ಕೆ ಇಳಿದರು. ಒಬ್ಬ ಒಂದು ಮನೆಗೆ ಹೋಗಿ 'ಎಗ್ಸ್' ಕೇಳಿದ. ಆ ಹೆಂಗಸು "ನನಗೆ ಫ್ರೆಂಚ್ ಬರುವುದಿಲ್ಲ" ಅಂದಳು. ಇವನಿಗೆ ಕೋಪ, ಯಾಕೆಂದರೆ ಇವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಇನ್ನೊಬ್ಬ 'ಐರೆನ್' ಬೇಕು ಅಂದಾಗ ಅವಳಿಗೆ ತಿಳಿಯಿತು. ಎರಡೂ ಇಂಗ್ಲಿಷೇ, ಎರಡೂ ಮೊಟ್ಟೆಯೇ. ಈ ಕಾಲದಲ್ಲಿ ಯಾವುದನ್ನು ಬರೆಯಬೇಕು ಹೇಳಿ ಅಂತ ಪಾಪ ಅವನೇ ಕೇಳುತ್ತಾನೆ.

ಕ್ಯಾಕ್ಸ್‌ಟನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರಲ್ಲಿ ಬ್ರೂಜ್ ಕಡೆಯಿಂದ ಬಂದವರೂ ಇದ್ದರು. ಘೋಸ್ಟ್ ಪದಕ್ಕೆ ಎಚ್ ಬಂದದ್ದು ಅವರ ಫ್ಲೆಮಿಶ್ ಅಭ್ಯಾಸದಿಂದ. ಮೊದಲು ಅದು ಬರೀ ಜಿ. ಗೂಸ್, ಗೋಟ್‌ಗೂ ಅಲ್ಲಲ್ಲಿ ಎಚ್ ಬಿದ್ದಿತ್ತು, ಆಮೇಲೆ ಉದುರಿತು. ದೆವ್ವದ್ದು ಮಾತ್ರ ಉದುರಲಿಲ್ಲ.

ಈಗ ಮುಖ್ಯ ವಿಷಯ. ಅಚ್ಚಿಗೆ ಬಿದ್ದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಆದರೆ ಅದೇ ಹೊತ್ತಿಗೆ ಜನರ ಬಾಯಿ ಜೋರಾಗಿ ಬದಲಾಗುತ್ತಿತ್ತು. ಸುಮಾರು 1400ರಿಂದ 1700ರ ಒಳಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. 'ನೇಮ್' ಅನ್ನುವುದನ್ನು ಮೊದಲು ಹೆಚ್ಚುಕಡಿಮೆ 'ನಾಮ' ಅಂತಲೇ ಹೇಳುತ್ತಿದ್ದರು. ಸಂಸ್ಕೃತದ ನಾಮಕ್ಕೂ ಅದಕ್ಕೂ ಮೂಲ ಒಂದೇ. ಟೈಮ್ ಆಗ 'ಟೀಮ'. ಹೌಸ್ ಅನ್ನು 'ಹೂಸ್' ಅನ್ನುತ್ತಿದ್ದರು. ನಗಬೇಡಿ, ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಹಾಗೇ ಅನ್ನುವವರಿದ್ದಾರೆ. ಬರೆದದ್ದು ಹಳೆಯ ಬಾಯಿಯನ್ನು, ಓದುವುದು ಹೊಸ ಬಾಯಲ್ಲಿ. ಅಷ್ಟೇ ಸಮಸ್ಯೆ.

ಮಗಳಿಗೆ ಇನ್ನೊಂದು ತೋರಿಸಿ. ಯುರೋಪಿನ ಬಹಳ ಭಾಷೆಗಳಲ್ಲಿ ಅಕ್ಷರ ಹೇಳಿಕೊಡುವಾಗ ಎ-ಇ-ಐಗಳನ್ನು 'ಆ, ಏ, ಈ' ಅನ್ನುತ್ತಾರೆ. ಇಂಗ್ಲಿಷಿನವರು ಮಾತ್ರ 'ಏ, ಈ, ಐ'. ಒಂದೊಂದು ಮನೆ ಮುಂದೆ ಹೋಗಿದೆ.

ಸಂಜೆಮಲ್ಲಿಗೆ
ಹೂಸ್ ವಿಷಯ ಹೇಳಿದೆ. ಇವತ್ತು ಮನೆಯಲ್ಲಿ ಹೋಂವರ್ಕ್ ನಡೆಯುವ ಲಕ್ಷಣ ಇಲ್ಲ.

ಬೈಲಕುಪ್ಪೆ ಪಕ್ಕ
ಇಂಗ್ಲಿಷನ್ನು ಇಷ್ಟು ಬೈಯಬೇಡಿ. ನಮ್ಮೂರಿನ ಟಿಬೆಟನ್ ಕ್ಯಾಂಪಿನಲ್ಲಿ ಸ್ನೇಹಿತನೊಬ್ಬ ಅವರ ಅಂಕಿ ಬರೆದು ತೋರಿಸಿದ. ಎಂಟು ಅನ್ನುವುದಕ್ಕೆ ಬ, ರ, ಗ, ಯ ಎಲ್ಲಾ ಇದೆ, ಕೊನೆಗೊಂದು ದ ಬೇರೆ. ಓದುವುದು 'ಗ್ಯೆ' ಅಂತ. ಸಾವಿರ ವರ್ಷಕ್ಕೂ ಹಿಂದಿನ ಬಾಯಿಯನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಶಾಸ್ತ್ರಗ್ರಂಥಗಳೆಲ್ಲ ಅದರಲ್ಲೇ ಇವೆ, ಮುಟ್ಟಲು ಯಾರಿಗೂ ಮನಸ್ಸಿಲ್ಲ. ಅವನ ಮಗ ಸ್ಕೂಲಲ್ಲಿ ಕನ್ನಡವನ್ನೂ ಕಲಿಯುತ್ತಾನೆ, ಕನ್ನಡದ ಸ್ಪೆಲಿಂಗೇ ಆರಾಮ ಅನ್ನುತ್ತಾನೆ.

ಧಾರವಾಡದ ಗಾಳಿ
ಒಂದು ಮಾತು ಚುಚ್ಚೂದೈತಿ. "ಕನ್ನಡದಲ್ಲಿ ಆಡಿದ ಹಾಗೆ ಬರೆಯುತ್ತೇವೆ" ಅಂತ ಮೊದಲೇ ಒಬ್ಬರು ಹೇಳಿದ್ರು, ಯಾರೂ ಪ್ರಶ್ನೆ ಮಾಡಲಿಲ್ಲ. ಯಾರು ಆಡಿದ ಹಾಗ್ರೀ? ನಾವು ಆಡೂದು 'ಮನಿ', ಬರಿಯೂದು 'ಮನೆ'. ನೀವು ಬೆಂಗಳೂರಿನವರು ಆಡೂದು 'ಮಾಡ್ತಾರೆ', ಬರಿಯೂದು 'ಮಾಡುತ್ತಾರೆ'. ಅದನ್ನು ಬಿಡ್ರಿ, 'ಬ್ರಾಹ್ಮಣ' ಅಂತ ಬರದು ಹ ಮೊದಲು ಮ ಆಮ್ಯಾಲೆ ಹೇಳೋ ಒಬ್ಬರನ್ನು ತೋರಸ್ರಿ. ಎಲ್ಲಾರೂ 'ಬ್ರಾಮ್ಹಣ' ಅಂತಾರ. 'ಚಿಹ್ನೆ' ಅಂತ ಬರದು 'ಚಿನ್ಹೆ' ಅಂತಾರ. ಋ ಅಂತೂ 'ರು' ಆಗಿ ಯಾವ ಕಾಲ ಆತು.

ಕುಡ್ಲದವ
ಜ್ಞಾನ ಬಿಟ್ಟಿರಿ. ಬರೆಯುವುದು ಜ-ಕ್ಕೆ ಞ ಒತ್ತು. ನಾವು ಹೇಳುವುದು 'ಗ್ನಾನ', ಹಿಂದಿಯವರು 'ಗ್ಯಾನ್', ಮರಾಠಿಯವರು 'ದ್ನ್ಯಾನ'. ಅದಕ್ಕೇ ಅವರ ಜ್ಞಾನೇಶ್ವರರ ಹೆಸರು ಇಂಗ್ಲಿಷಿನಲ್ಲಿ ಡಿ-ಎನ್-ವೈ ಅಂತ ಶುರುವಾಗುತ್ತದೆ. ಬರೆದ ಹಾಗೆ ಓದುವವರು ಮೂರು ರಾಜ್ಯದಲ್ಲೂ ಇಲ್ಲ.

ಹಳೇಪ್ರೆಸ್
ಇಬ್ಬರದ್ದೂ ಸರಿ. ಆದರೆ ನೀವು ಕೊಟ್ಟದ್ದರಲ್ಲಿ ಹೆಚ್ಚಿನವು ಸಂಸ್ಕೃತದಿಂದ ಬಂದ ಪದಗಳು. ಅಚ್ಚಗನ್ನಡ ಪದಗಳಲ್ಲಿ ನಮ್ಮವರು ಇಂಗ್ಲಿಷಿನವರು ಮಾಡದ ಒಂದು ಕೆಲಸ ಮಾಡಿದ್ದಾರೆ. ಬಾಯಿ ಬದಲಾದಾಗ ಅಕ್ಷರವನ್ನೂ ಬದಲಿಸಿದ್ದಾರೆ.

ಹಳಗನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ', ಹತ್ತು 'ಪತ್ತು', ಹೋಗು 'ಪೋಗು'. ಪಂಪ 941ರಲ್ಲಿ ಬರೆದಾಗ ಪಕಾರವೇ. ಆಮೇಲಿನ ಶತಮಾನಗಳಲ್ಲಿ ಪದದ ಮೊದಲಿನ ಪ ಸವೆದು ಹ ಆಯಿತು. ಶಾಸನಗಳಲ್ಲಿ ಬಹಳ ಕಾಲ ಎರಡೂ ಬೆರೆತು ಸಿಗುತ್ತವೆ. ಕೊನೆಗೆ ಬರವಣಿಗೆಯಲ್ಲೂ ಹ ಗೆದ್ದಿತು. ಇಂಗ್ಲಿಷಿನವರ ದಾರಿ ಹಿಡಿದಿದ್ದರೆ ಇವತ್ತೂ ನಾವು 'ಪಾಲು' ಅಂತ ಬರೆದು 'ಹಾಲು' ಅಂತ ಓದುತ್ತಿದ್ದೆವು. ಹಾಲಿನ ಪಾಕೆಟ್ ಮೇಲೆ 'ಪಾಲು' ಅಂತ ಇದ್ದು, ಆಸ್ತಿಯ ಪಾಲು ಯಾವುದು ಕುಡಿಯುವ ಪಾಲು ಯಾವುದು ಅಂತ ಡಿಕ್ಟೇಶನ್‌ನಲ್ಲಿ ಮಕ್ಕಳು ಅಳುತ್ತಿದ್ದರು.

ಇನ್ನೊಂದು ೞ. 'ಏೞು', 'ಬಾೞು' ಅಂತ ಬರೆಯುವ ಕಾಲ ಇತ್ತು. ಆ ಸದ್ದು ಳ ಜೊತೆ ಬೆರೆತುಹೋಯಿತು. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಡುತ್ತಾನೆ. ಪಟ್ಟಿ ಕೊಡುವುದು ಯಾವಾಗ? ಜನ ತಪ್ಪಲು ಶುರುಮಾಡಿದಾಗ. ಅದು ಆ ಕಾಲದ ಡಿಕ್ಟೇಶನ್ ಪಟ್ಟಿ ಅಂತ ನಾನು ಓದುತ್ತೇನೆ. ಪಟ್ಟಿ ಸೋತಿತು, ಅಕ್ಷರವೇ ಹೋಯಿತು. ಱ ಕೂಡ ಹಾಗೇ ರ-ದಲ್ಲಿ ಕರಗಿತು.

ನಮ್ಮವರು ಜಾಣರು, ಅವರು ದಡ್ಡರು ಅಂತ ನಾನು ಹೇಳುವುದಿಲ್ಲ. ಹೊತ್ತು ಬೇರೆ. ನಮ್ಮ ಬಾಯಿ ಬದಲಾದದ್ದು ಓಲೆಗರಿ ಕಾಲದಲ್ಲಿ. ಪ್ರತಿ ಸಲ ನಕಲು ಮಾಡುವವನು ಒಂದಿಷ್ಟು ತನ್ನ ಬಾಯಿಯ ಹಾಗೆ ಬರೆದುಕೊಳ್ಳುತ್ತಿದ್ದ. ಇಂಗ್ಲಿಷಿನವರಿಗೆ ಬಾಯಿ ಬದಲಾಗುವ ನಡುವೆಯೇ ಪ್ರೆಸ್ ಬಂದು ಕೂತಿತು.

ಹೊಸೂರು ಬಸ್
ನಮ್ಮ ಕಡೆ ತಮಿಳೂ ಬೇಕು ಕನ್ನಡವೂ ಬೇಕು, ಹಾಗಾಗಿ ಹೇಳುತ್ತೇನೆ. ತಮಿಳಿನವರಿಗೆ ಪಾಲ್ ಪಾಲ್ ಆಗಿಯೇ ಉಳಿದಿದೆ, ೞ ಕೂಡ ಇದೆ. 'ತಮಿೞ್' ಹೆಸರಲ್ಲೇ ಅದಿದೆ. ಆದರೆ ಅವರ ಬಾಯಿಯೂ ನಿಂತಿಲ್ಲ. ಬರೆದ ತಮಿಳಿಗೂ ಬಸ್ಸಿನಲ್ಲಿ ಆಡುವ ತಮಿಳಿಗೂ ಇರುವ ದೂರ ಕನ್ನಡಕ್ಕಿಂತ ಜಾಸ್ತಿ. 'ವಂದುಕೊಂಡಿರುಕ್ಕಿರಾನ್' ಅಂತ ಬರೆದದ್ದನ್ನು 'ವಂದುಕಿಟ್ಟಿರುಕ್ಕಾನ್' ಅನ್ನುತ್ತಾರೆ. ಎಲ್ಲೋ ಒಂದು ಕಡೆ ಬಾಕಿ ಕಟ್ಟಲೇಬೇಕು. ನಾವು ಅಕ್ಷರ ಬದಲಿಸಿದೆವು, ಅದಕ್ಕೇ ಪಂಪನನ್ನು ಓದಲು ನಮಗೆ ಟೀಕೆ (ಅರ್ಥವಿವರಣೆ) ಬೇಕು.

ಧಾರವಾಡದ ಗಾಳಿ
ಪ ಇಟ್ಕೊಂಡಿದ್ರೂ ಪಂಪಗ ಟೀಕೆ ಬೇಕೇ ಬೇಕಾಗಿತ್ತು ಬಿಡ್ರಿ. ತೊಡಕು ಇರೂದು ಪಕಾರದಾಗ ಅಲ್ಲ.

ಪಾಂಡಿಚೇರಿ ಟ್ರಾನ್ಸ್‌ಫರ್
ವಿಷಯ ಸ್ವಲ್ಪ ಪಕ್ಕಕ್ಕೆ: ಫ್ರೆಂಚ್ ಕಲಿಯುತ್ತಿದ್ದೇನೆ. ಎಪ್ಪತ್ತಕ್ಕೆ 'ಅರವತ್ತು-ಹತ್ತು', ಎಂಬತ್ತಕ್ಕೆ 'ನಾಲ್ಕು-ಇಪ್ಪತ್ತು', ತೊಂಬತ್ತೊಂಬತ್ತಕ್ಕೆ 'ನಾಲ್ಕು-ಇಪ್ಪತ್ತು-ಹತ್ತೊಂಬತ್ತು' ಅನ್ನಬೇಕು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚರು ಎಪ್ಪತ್ತು, ತೊಂಬತ್ತಕ್ಕೆ ನೇರ ಪದ ಇಟ್ಟುಕೊಂಡಿದ್ದಾರೆ. ಪ್ಯಾರಿಸ್‌ನವರಿಗೆ ಏನು ಕಷ್ಟ?

ನಿರ್ವಾಹಕ
ಅಂಕಿಗಳಿಗೆ ಬೇರೆ ಎಳೆ ತೆಗೆಯಿರಿ. ಅಲ್ಲಿ ಹಿಂದಿಯ ಒಂದರಿಂದ ನೂರರವರೆಗಿನ ಜಗಳವನ್ನೂ ಹಾಕಬಹುದು. ಇಲ್ಲಿ ಸ್ಪೆಲಿಂಗ್ ಮಾತ್ರ.

ಸಂಜೆಮಲ್ಲಿಗೆ
ಈಗಲಾದರೂ ಯಾರಾದರೂ ತಿದ್ದಬಹುದಲ್ಲ? ಸರ್ಕಾರ ಒಂದು ಆರ್ಡರ್ ಹಾಕಿದರೆ ಮುಗಿಯಿತು.

ಹಳೇಪ್ರೆಸ್
ಆರ್ಡರ್ ಹಾಕಿಯೂ ಆಗಿದೆ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರಿ ಪ್ರೆಸ್ಸಿಗೆ 300 ಪದಗಳ ಸುಲಭ ಸ್ಪೆಲಿಂಗ್ ಬಳಸಿ ಅಂತ ಹೇಳಿದರು. ಉಕ್ಕಿನ ಶ್ರೀಮಂತ ಕಾರ್ನೆಗಿ ದುಡ್ಡು ಕೊಟ್ಟು ನಡೆಸುತ್ತಿದ್ದ ಮಂಡಳಿಯ ಪಟ್ಟಿ ಅದು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಒಪ್ಪಲಿಲ್ಲ, ವರ್ಷ ಮುಗಿಯುವುದರೊಳಗೆ ಆರ್ಡರ್ ವಾಪಸ್. ಅದಕ್ಕೂ ಮೊದಲು ನೋವಾ ವೆಬ್‌ಸ್ಟರ್ ಗೆದ್ದದ್ದು ಸ್ವಲ್ಪ. 1828ರ ಡಿಕ್ಷನರಿಯಲ್ಲಿ ಕಲರ್‌ನ ಯು ತೆಗೆದ, ಸೆಂಟರ್‌ನ ಕೊನೆ ತಿರುಗಿಸಿದ, ಅವು ಅಮೆರಿಕದಲ್ಲಿ ನಿಂತವು. ಟಂಗ್ ಪದವನ್ನು ಟಿ-ಯು-ಎನ್-ಜಿ ಅಂತ ಬರೆಯಿರಿ ಅಂದದ್ದನ್ನು ಯಾರೂ ಕೇಳಲಿಲ್ಲ.

ರೈನ್‌ನದಿ
ಇಲ್ಲಿ 1996ರಲ್ಲಿ ತಿದ್ದಿದರು. ಎಷ್ಟು ಗಲಾಟೆ ಅಂದರೆ ದೇಶದ ಒಂದು ದೊಡ್ಡ ದಿನಪತ್ರಿಕೆ 2000ದಲ್ಲಿ ಹಳೆಯ ಸ್ಪೆಲಿಂಗ್‌ಗೇ ವಾಪಸ್ ಹೋಗಿ, 2007ರವರೆಗೂ ಅದನ್ನೇ ಅಚ್ಚು ಹಾಕುತ್ತಿತ್ತು. ಹೊಸ ನಿಯಮದಿಂದ ಹಡಗು ಪ್ರಯಾಣದ ಪದದಲ್ಲಿ ಮೂರು ಎಫ್ ಒಂದರ ಪಕ್ಕ ಒಂದು ಕೂರುತ್ತವೆ. ಸುಲಭ ಮಾಡಿದ್ದಂತೆ!

ಅದಿರಲಿ, ನನಗೆ ಬೇರೆ ತಲೆನೋವು. ಇಲ್ಲಿನ ಆಫೀಸಿನಲ್ಲಿ ದೆಹಲಿಯವನೊಬ್ಬ ನನ್ನ ಹೆಂಡತಿಯ ಹೆಸರನ್ನು 'ಗೀಥಾ' ಅಂತ ಕರೆಯುತ್ತಾನೆ. ಅವಳು ಗೀತಾ. ಪಾಸ್‌ಪೋರ್ಟಿನಲ್ಲಿ ಟಿ-ಎಚ್ ಇದೆ. ಜರ್ಮನ್ನರು ಟಿ-ಎಚ್ ಕಂಡರೆ ಬರೀ ಟಿ ಓದುತ್ತಾರೆ, ಅವರ ಬಾಯಲ್ಲಿ 'ಗೀಟಾ'. ದಕ್ಷಿಣದವರು ಮಾತ್ರ ಈ ಎಚ್ ಯಾಕೆ ಹಾಕುತ್ತೇವೆ?

ಹೊಸೂರು ಬಸ್
ಇಂಗ್ಲಿಷಿನ ಟಿ ನಮ್ಮ ಕಿವಿಗೆ ಟ. ಟೇಬಲ್, ಟಿಕೆಟ್, ಟೀ. ಬರೀ ಟಿ ಹಾಕಿದರೆ 'ಗೀಟಾ' ಆಗುತ್ತದೆ ಅಂತ ತ-ಗೆ ಟಿ-ಎಚ್ ಕೊಟ್ಟೆವು. ತಮಿಳಿನಲ್ಲಿ ಮಹಾಪ್ರಾಣವೇ ಇಲ್ಲ, ಹಾಗಾಗಿ ಅವರಿಗೆ ಟಿ-ಎಚ್ ಖಾಲಿ ಇತ್ತು. ಹಿಂದಿಯವರಿಗೆ ಥ-ಕ್ಕೆ ಅದು ಬೇಕೇ ಬೇಕು. ಅದಕ್ಕೇ ತ, ಟ ಎರಡಕ್ಕೂ ಟಿ ಒಂದರಲ್ಲೇ ಸುಧಾರಿಸುತ್ತಾರೆ. ಕನ್ನಡ ನಡುವೆ ಸಿಕ್ಕಿಕೊಂಡಿದೆ. ಗೀತಾಗೂ ಟಿ-ಎಚ್, ರಥಕ್ಕೂ ಟಿ-ಎಚ್.

ಕುಡ್ಲದವ
ಅಂದರೆ ಇಂಗ್ಲಿಷಿನವರು ಲ್ಯಾಟಿನ್‌ಗಾಗಿ ಬಿ ಸೇರಿಸಿದರು, ನಾವು ಟೇಬಲ್‌ಗೆ ಹೆದರಿ ಎಚ್ ಸೇರಿಸಿದೆವು.

ಸಂಜೆಮಲ್ಲಿಗೆ
ನನ್ನ ಹೆಸರಲ್ಲೂ ತ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎಚ್ ಇದೆ, ಆಧಾರ್‌ನಲ್ಲಿ ಇಲ್ಲ. ಪಾಸ್‌ಪೋರ್ಟ್ ಮಾಡಿಸಬೇಕು. ಯಾವುದನ್ನು ಇಟ್ಟುಕೊಳ್ಳಲಿ?

ರೈನ್‌ನದಿ
ಮಾರ್ಕ್ಸ್ ಕಾರ್ಡಿನಲ್ಲಿ ಇರುವುದನ್ನೇ ಇಟ್ಟುಕೊಳ್ಳಿ ಅಕ್ಕಾ. ಅದನ್ನು ತಿದ್ದಿಸುವುದು ಆಧಾರ್ ತಿದ್ದಿಸುವುದಕ್ಕಿಂತ ಬಹಳ ಕಷ್ಟ. ಮೊದಲು ಆಧಾರ್‌ಗೆ ಎಚ್ ಸೇರಿಸಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಮಗಳ ಪಾಸ್‌ಪೋರ್ಟ್ ಅರ್ಜಿಯಲ್ಲಿ ನಿಮ್ಮ ಹೆಸರು ಬರೆಯುವಾಗಲೂ ಅದೇ ಸ್ಪೆಲಿಂಗ್ ಇರಲಿ.